ಸಿಡ್ನಿಗೆ ಹೊರಟವರಿಗೆ: ಟಿಕೆಟ್ ಹುಡುಕುವುದರಿಂದ ಕಡಲಿಗೆ ಇಳಿಯುವವರೆಗೆ

ಸಿಡ್ನಿ ವಿಮಾನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ವಿಮಾನಗಳ ಓಡಾಟಕ್ಕೆ ನಿರ್ಬಂಧವಿದೆ. ಸುತ್ತಮುತ್ತ ಮನೆಗಳಿವೆ, ಜನ ಮಲಗಬೇಕು, ಅದಕ್ಕೆ. ಹಾಗಾಗಿ ರಾತ್ರಿಯಿಡೀ ಹಾರಿ ಬಂದ ಎಷ್ಟೋ ವಿಮಾನಗಳು ಆರು ಗಂಟೆ ಆದ ಕೂಡಲೇ ಒಂದರ ಹಿಂದೆ ಒಂದು ಇಳಿಯುತ್ತವೆ. ನೀವೂ ಹಾಗೆ ಇಳಿಯುವ ಸಾಧ್ಯತೆ ಜಾಸ್ತಿ. ಆದರೆ ಹೋಟೆಲ್ ರೂಮು ಸಿಗುವುದು ಮಧ್ಯಾಹ್ನ ಎರಡಕ್ಕೋ ಮೂರಕ್ಕೋ. ನಡುವಿನ ಆ ಎಂಟೊಂಬತ್ತು ಗಂಟೆಗೆ ಯಾರೂ ಪ್ಲಾನ್ ಮಾಡಿರುವುದಿಲ್ಲ. ನಿದ್ದೆಗೆಟ್ಟ ಕಣ್ಣು, ಕೈಯಲ್ಲಿ ಸೂಟ್‌ಕೇಸು, ಎಲ್ಲಿ ಹೋಗಬೇಕು ಗೊತ್ತಿಲ್ಲ.

ಆ ಬೆಳಗನ್ನು ಸರಿಯಾಗಿ ಕಳೆದರೆ ಮುಂದಿನ ವಾರ ಸಲೀಸು. ಇನ್ನೊಂದು ಮಾತನ್ನೂ ಈಗಲೇ ಹೇಳಿಬಿಡುತ್ತೇನೆ. ಸಿಡ್ನಿ ರಸ್ತೆಯ ಊರಲ್ಲ, ನೀರಿನ ಊರು. ಒಳಗೆ ಚಾಚಿಕೊಂಡ ಹಾರ್ಬರ್, ಹೊರಗೆ ತೆರೆದ ಪೆಸಿಫಿಕ್ ಸಾಗರ. ರಸ್ತೆ ನಕ್ಷೆ ನೋಡಿ ಪ್ಲಾನ್ ಮಾಡಿದರೆ ಬಸ್ಸಿನಲ್ಲೇ ಸುಸ್ತಾಗುತ್ತೀರಿ. ಫೆರ್ರಿ ನಕ್ಷೆ ನೋಡಿ ಪ್ಲಾನ್ ಮಾಡಿದರೆ ಓಡಾಟವೇ ಪ್ರವಾಸ ಆಗುತ್ತದೆ.

ಹಂತ 1: ಯಾವ ತಿಂಗಳು?

ಅಲ್ಲಿ ಋತುಗಳು ತಿರುಗಾಮುರುಗಾ. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆ, ಜೂನ್‌ನಿಂದ ಆಗಸ್ಟ್ ಚಳಿಗಾಲ. ಇದು ಎಲ್ಲರಿಗೂ ಗೊತ್ತು. ಆದರೆ ಸಮುದ್ರದ ನೀರು ಗಾಳಿಯಷ್ಟು ಬೇಗ ಬಿಸಿಯಾಗುವುದಿಲ್ಲ, ಬೇಗ ತಣಿಯುವುದೂ ಇಲ್ಲ ಅನ್ನುವುದನ್ನು ಮರೆಯುತ್ತೇವೆ. ನೀರು ಅತಿ ಬೆಚ್ಚಗಿರುವುದು ಫೆಬ್ರವರಿ, ಮಾರ್ಚ್‌ನಲ್ಲಿ, ಸುಮಾರು 23 ಡಿಗ್ರಿ. ಸೆಪ್ಟೆಂಬರ್‌ನಲ್ಲಿ ಹೊರಗೆ ಹಿತವಾದ ಬಿಸಿಲು ಇದ್ದರೂ ನೀರಿಗೆ ಕಾಲಿಟ್ಟರೆ ಜುಮ್ಮೆನ್ನುತ್ತದೆ.

ನನ್ನನ್ನು ಕೇಳಿದರೆ ಮಾರ್ಚ್. ಬೇಸಿಗೆಯ ಜನಜಂಗುಳಿ ಇಳಿದಿರುತ್ತದೆ, ನೀರು ಇನ್ನೂ ಬೆಚ್ಚಗಿರುತ್ತದೆ. ಈಜುವ ಆಸೆ ಇಲ್ಲದವರಿಗೆ ಅಕ್ಟೋಬರ್ ಕೊನೆ ಮತ್ತು ನವೆಂಬರ್ ಚೆಂದ, ಬೀದಿಬೀದಿಯಲ್ಲಿ ಜಕರಂಡ ನೇರಳೆಯಾಗಿ ಅರಳಿರುತ್ತದೆ. ತಿಮಿಂಗಿಲ ನೋಡಬೇಕು ಅನ್ನುವವರು ಮೇ ತಿಂಗಳಿನಿಂದ ನವೆಂಬರ್ ಒಳಗೆ ಹೋಗಿ. ಹಂಪ್‌ಬ್ಯಾಕ್ ತಿಮಿಂಗಿಲಗಳು ಮೊದಲು ಉತ್ತರದ ಬೆಚ್ಚನೆಯ ನೀರಿಗೆ ಹೋಗುತ್ತವೆ, ಆಮೇಲೆ ಮರಿಗಳ ಜೊತೆ ವಾಪಸ್ ಬರುತ್ತವೆ. ಎರಡೂ ಸಲ ಈ ತೀರದ ಪಕ್ಕದಲ್ಲೇ ಹಾದುಹೋಗುತ್ತವೆ. ಡಿಸೆಂಬರ್ ಕೊನೆಯ ವಾರ ಹಾರ್ಬರ್ ಮೇಲಿನ ಪಟಾಕಿ ನೋಡಲೇಬೇಕು ಅನ್ನುವ ಹಟ ಇಲ್ಲದಿದ್ದರೆ ಆಗ ಹೋಗಬೇಡಿ. ರೂಮಿನ ಬೆಲೆ ಗಗನಕ್ಕೇರಿರುತ್ತದೆ.

ಹಂತ 2: ವೀಸಾ ಮೊದಲು, ಟಿಕೆಟ್ ಆಮೇಲೆ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬೇಕಾದದ್ದು ಸಬ್‌ಕ್ಲಾಸ್ 600 ವಿಸಿಟರ್ ವೀಸಾ. ಕೆಲವು ದೇಶಗಳವರಿಗೆ ಇರುವ ದಿಢೀರ್ ಇ-ವೀಸಾ ನಮಗೆ ಇಲ್ಲ. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬೇಕು. ಬಯೋಮೆಟ್ರಿಕ್ಸ್ ಕೊಡಲು ಕೇಂದ್ರಕ್ಕೆ ಹೋಗಬೇಕಾಗಬಹುದು. ವೀಸಾ ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸುವ ಚೀಟಿ ಅಲ್ಲ. ಕಂಪ್ಯೂಟರಿನಲ್ಲಿ ನಿಮ್ಮ ಪಾಸ್‌ಪೋರ್ಟ್ ನಂಬರಿಗೆ ಜೋಡಿಸಿರುತ್ತಾರೆ. ಮಂಜೂರಾದ ಪತ್ರ ಬಂದಾಗ ನಂಬರಿನ ಒಂದೊಂದು ಅಂಕೆಯನ್ನೂ ಪಾಸ್‌ಪೋರ್ಟಿನ ಜೊತೆ ಹೋಲಿಸಿ ನೋಡಿ. ಅದು ಬರುವವರೆಗೆ ದುಡ್ಡು ವಾಪಸ್ ಕೊಡದ ಟಿಕೆಟ್ ಕೊಳ್ಳಬೇಡಿ.

ಭಾರತದಿಂದ ನೇರ ವಿಮಾನವಾದರೆ ಹತ್ತಿರ ಹತ್ತಿರ 12 ಗಂಟೆ. ನಡುವೆ ಇಳಿದು ಹತ್ತುವುದಾದರೆ ಒಟ್ಟು ಸಮಯ ಜಾಸ್ತಿ, ಬೆಲೆ ಸಾಮಾನ್ಯವಾಗಿ ಕಡಿಮೆ. ವಯಸ್ಸಾದವರು, ಚಿಕ್ಕ ಮಕ್ಕಳು ಜೊತೆಗಿದ್ದರೆ ಸಿಂಗಪುರದಂಥ ಕಡೆ ಮೂರು ಗಂಟೆ ಕಾಲು ಚಾಚಿ ಮುಂದೆ ಹೊರಡುವುದು ಮೈಗೆ ಒಳ್ಳೆಯದೇ. ಅಲ್ಲಿಂದ ಸಿಡ್ನಿಗೆ ಸುಮಾರು 8 ಗಂಟೆ. ಎರಡೂ ವಿಮಾನ ಒಂದೇ ಬುಕಿಂಗ್‌ನಲ್ಲಿರಲಿ. ಬೇರೆ ಬೇರೆ ಟಿಕೆಟ್ ತೆಗೆದುಕೊಂಡು ಮೊದಲನೆಯದು ತಡವಾದರೆ ಎರಡನೆಯದಕ್ಕೆ ಯಾರೂ ಹೊಣೆಯಲ್ಲ. ನಡುವಿನ ಬಿಡುವು ಒಂದೂವರೆ ಗಂಟೆಗಿಂತ ಕಡಿಮೆ ಇದ್ದರೆ ಅಗ್ಗವಾದರೂ ಬಿಟ್ಟುಬಿಡಿ.

ಪ್ರವಾಸ ವಿಮೆ ಮಾಡಿಸಿ. ಅಲ್ಲಿ ಆಸ್ಪತ್ರೆ ಖರ್ಚು ಸಣ್ಣದಲ್ಲ.

ಹಂತ 3: ಉಳಿಯುವ ಜಾಗ

ಸರ್ಕ್ಯುಲರ್ ಕೀ ಅನ್ನುವುದು ಸಿಡ್ನಿಯ ಹೊಕ್ಕುಳು. ಫೆರ್ರಿ, ರೈಲು, ಲೈಟ್ ರೈಲು (ಟ್ರಾಮ್), ಬಸ್ಸು ಎಲ್ಲ ಅಲ್ಲಿ ಸೇರುತ್ತವೆ. ಒಂದು ಪಕ್ಕ ಒಪೆರಾ ಹೌಸ್, ಇನ್ನೊಂದು ಪಕ್ಕ ಹಾರ್ಬರ್ ಬ್ರಿಡ್ಜ್. ಅಲ್ಲೇ ಉಳಿಯುವುದು ದುಬಾರಿ. ಆದರೆ ಅದಕ್ಕೆ ನೇರ ರೈಲು ಅಥವಾ ಫೆರ್ರಿ ಇರುವ ಜಾಗ ಸಾಕು. ಸೆಂಟ್ರಲ್ ಸ್ಟೇಷನ್ ಸುತ್ತಮುತ್ತಲಿನ ಹೇಮಾರ್ಕೆಟ್, ಸರಿ ಹಿಲ್ಸ್ ಈ ಲೆಕ್ಕಕ್ಕೆ ಒಳ್ಳೆಯವು. ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಗಳಿಗೆ ಹೋಗುವ ರೈಲೂ ಸೆಂಟ್ರಲ್‌ನಿಂದಲೇ ಹೊರಡುತ್ತದೆ.

ಬೊಂಡೈನಲ್ಲಿ ಉಳಿಯಬೇಕು ಅಂತ ಬಹಳ ಜನ ಆಸೆಪಡುತ್ತಾರೆ. ಹೆಸರಿಗೆ ಮಾರುಹೋಗುವ ಮುಂಚೆ ಒಂದು ವಿಷಯ ನೆನಪಿಡಿ, ಬೊಂಡೈ ಬೀಚಿಗೆ ರೈಲು ಇಲ್ಲ. ಬೊಂಡೈ ಜಂಕ್ಷನ್‌ನಲ್ಲಿ ಇಳಿದು ಬಸ್ಸು ಹಿಡಿಯಬೇಕು. ದಿನಾ ಎರಡು ಸಲ ಆದರೆ ಬೇಜಾರಾಗುತ್ತದೆ. ಕಡಲ ಪಕ್ಕದಲ್ಲೇ ಮಲಗಿ ಏಳಬೇಕು ಅಂದರೆ ನಾನು ಮ್ಯಾನ್ಲಿಯನ್ನು ಆರಿಸುತ್ತೇನೆ. ಅಲ್ಲಿಂದ ಊರೊಳಗೆ ಬರುವ ದಾರಿಯೇ ಅರ್ಧ ಗಂಟೆಯ ಫೆರ್ರಿ. ಎಂಟು ದಿನ ಇದ್ದರೆ ಮೊದಲ ಐದು ರಾತ್ರಿ ಊರೊಳಗೆ, ಕೊನೆಯ ಮೂರು ಮ್ಯಾನ್ಲಿಯಲ್ಲಿ. ಅದಕ್ಕಿಂತ ಜಾಸ್ತಿ ಸಲ ಹೋಟೆಲ್ ಬದಲಿಸಬೇಡಿ.

ಹಂತ 4: ಬ್ಯಾಗಿನಲ್ಲಿ ಏನಿರಬೇಕು, ಏನಿರಬಾರದು

ಆಸ್ಟ್ರೇಲಿಯಾ ತನ್ನ ಬೆಳೆ, ದನಕರು, ಕಾಡುಗಳನ್ನು ಹೊರಗಿನ ರೋಗಗಳಿಂದ ಕಾಪಾಡಿಕೊಳ್ಳಲು ತುಂಬಾ ಕಟ್ಟುನಿಟ್ಟಾಗಿದೆ. ಹಣ್ಣು, ತರಕಾರಿ, ಬೀಜ, ಹಾಲಿನ ಪದಾರ್ಥ, ಮಾಂಸ, ಜೇನು, ಮರದ ಸಾಮಾನು, ಮನೆಯಲ್ಲಿ ಮಾಡಿದ ತಿಂಡಿ ಏನೇ ಇದ್ದರೂ ಇಳಿಯುವಾಗ ತುಂಬಿಸುವ ಫಾರ್ಮಿನಲ್ಲಿ 'ಹೌದು, ಇದೆ' ಅಂತ ಬರೆಯಿರಿ. ಬರೆದು ತೋರಿಸಿದವರಿಗೆ ದಂಡ ಹಾಕುವುದಿಲ್ಲ. ನೋಡುತ್ತಾರೆ, ಬಿಡುತ್ತಾರೆ ಅಥವಾ ತೆಗೆದುಕೊಳ್ಳುತ್ತಾರೆ, ಅಷ್ಟೇ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಸಾವಿರಾರು ಆಸ್ಟ್ರೇಲಿಯನ್ ಡಾಲರ್ ಆಗಬಹುದು, ವೀಸಾ ರದ್ದಾಗಲೂಬಹುದು. ವಿಮಾನದಲ್ಲಿ ಕೊಟ್ಟ ಸೇಬನ್ನು ಕೈಚೀಲದಲ್ಲಿ ಮರೆತು ಇಳಿಯುವುದೂ ಇದೇ ಲೆಕ್ಕಕ್ಕೆ ಬರುತ್ತದೆ. ಚಾರಣದ ಬೂಟು ಒಯ್ಯುವುದಾದರೆ ಅಡಿಯ ಮಣ್ಣನ್ನು ಪೂರ್ತಿ ತೊಳೆದು ಒಣಗಿಸಿ.

ಔಷಧಿ ಮೂರು ತಿಂಗಳಿಗಾಗುವಷ್ಟು ಒಯ್ಯಬಹುದು. ಅದರ ಮೂಲ ಪ್ಯಾಕೆಟ್ಟಿನಲ್ಲೇ ಇರಲಿ, ಡಾಕ್ಟರ ಚೀಟಿ ಜೊತೆಗಿರಲಿ. ಒಂದು ವಾರದ ಮಾತ್ರೆ ಕೈಚೀಲದಲ್ಲೇ ಇರಬೇಕು. ಪವರ್‌ಬ್ಯಾಂಕ್ ಕೂಡ ಕೈಚೀಲದಲ್ಲೇ, ಚೆಕ್-ಇನ್ ಬ್ಯಾಗಿನಲ್ಲಿ ಇಡುವಂತಿಲ್ಲ. ಪ್ಲಗ್ ಅಲ್ಲಿ ಬೇರೆ, ಓರೆಯಾದ ಎರಡು ಚಪ್ಪಟೆ ಕಡ್ಡಿ, ಕೆಳಗೆ ನೆಟ್ಟಗಿನ ಇನ್ನೊಂದು. ಅಡಾಪ್ಟರ್ ಮೊದಲೇ ಕೊಂಡಿರಿ. ವೋಲ್ಟೇಜ್ 230, ಹಾಗಾಗಿ ಟ್ರಾನ್ಸ್‌ಫಾರ್ಮರ್ ಬೇಡ.

ಕೈಚೀಲದಲ್ಲಿ ಇನ್ನೊಂದು ಸಣ್ಣ ಕಟ್ಟು ಇರಲಿ: ಒಂದು ಜೊತೆ ಬಟ್ಟೆ, ಟೂತ್‌ಬ್ರಷ್, ಚಿಕ್ಕ ಟವೆಲ್, ಸನ್‌ಸ್ಕ್ರೀನ್, ಕೂಲಿಂಗ್ ಗ್ಲಾಸ್, ಟೋಪಿ. ಇದು ಮೊದಲ ದಿನದ ಕಟ್ಟು.

ಹಂತ 5: ವಿಮಾನದೊಳಗಿನ ಹನ್ನೆರಡು ಗಂಟೆ

ಹಾರುವಾಗ ಕ್ಯಾಬಿನ್ನಿನ ಗಾಳಿಯ ಒತ್ತಡ ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ಗಾಳಿಯಲ್ಲಿ ತೇವ ಶೇಕಡಾ 20ಕ್ಕಿಂತಲೂ ಕೆಳಗೆ ಇಳಿಯುತ್ತದೆ. ಗಂಟಲು ಒಣಗುವುದು, ತಲೆ ಭಾರ ಅನ್ನಿಸುವುದು ಇದರಿಂದಲೇ. ನೀರನ್ನು ಸ್ವಲ್ಪ ಸ್ವಲ್ಪ ಕುಡಿಯುತ್ತಿರಿ.

ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ನಾಲ್ಕು ಗಂಟೆ ದಾಟಿದ ಪ್ರಯಾಣದಲ್ಲಿ ಏರುತ್ತದೆ. ಕೂತಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ಆಗಾಗ ಎದ್ದು ಓಡಾಡಿ. ನಡೆಯುವ ದಾರಿ ಪಕ್ಕದ ಸೀಟು ಇದಕ್ಕೇ ಒಳ್ಳೆಯದು, ಯಾರನ್ನೂ ಎಬ್ಬಿಸಬೇಕಿಲ್ಲ. ಗರ್ಭಿಣಿಯರು, ಇತ್ತೀಚೆಗೆ ಆಪರೇಷನ್ ಆದವರು, ಹಿಂದೆ ರಕ್ತ ಹೆಪ್ಪುಗಟ್ಟಿದವರು ಟಿಕೆಟ್ ಕೊಳ್ಳುವ ಮುಂಚೆಯೇ ಡಾಕ್ಟರನ್ನು ಕೇಳಿ.

ಈಗ ನಿದ್ದೆಯ ಲೆಕ್ಕ. ಸಿಡ್ನಿ ಭಾರತಕ್ಕಿಂತ ನಾಲ್ಕೂವರೆ ಗಂಟೆ ಮುಂದಿದೆ. ಅಕ್ಟೋಬರ್ ಮೊದಲ ಭಾನುವಾರದಿಂದ ಏಪ್ರಿಲ್ ಮೊದಲ ಭಾನುವಾರದವರೆಗೆ ಐದೂವರೆ ಗಂಟೆ. ಅಂದರೆ ಅಲ್ಲಿ ಬೆಳಗ್ಗೆ ಆರಾದಾಗ ನಿಮ್ಮ ಮೈಗೆ ನಡುರಾತ್ರಿ ಹನ್ನೆರಡೂವರೆ ಅಥವಾ ಒಂದೂವರೆ. ಪೂರ್ವಕ್ಕೆ ಹೋಗುವಾಗ ಮೈ ಹೊಂದಿಕೊಳ್ಳುವುದು ಕಷ್ಟ, ದಿನಕ್ಕೆ ಸುಮಾರು ಒಂದು ಗಂಟೆ ಅಷ್ಟೇ. ಹೊರಡುವ ಮೂರು ದಿನ ಮುಂಚಿನಿಂದ ದಿನಾ ಅರ್ಧ ಗಂಟೆ ಬೇಗ ಮಲಗಿ, ಬೇಗ ಎದ್ದರೆ ಅಲ್ಲಿ ಒಂದೂವರೆ ದಿನ ಉಳಿಯುತ್ತದೆ. ವಿಮಾನ ಹತ್ತಿದ ಕೂಡಲೇ ಗಡಿಯಾರವನ್ನು ಸಿಡ್ನಿ ಸಮಯಕ್ಕೆ ತಿರುಗಿಸಿ. ಅಲ್ಲಿ ರಾತ್ರಿಯಾಗಿದ್ದರೆ ಊಟ ಬಿಟ್ಟಾದರೂ ಮಲಗಿ.

ಹಂತ 6: ಇಳಿದ ಬೆಳಗು

ನಿಲ್ದಾಣ ಊರಿನ ನಡುವಿನಿಂದ ಬರೀ 8 ಕಿಲೋಮೀಟರ್. ಟಿ8 ರೈಲು ಹತ್ತಿದರೆ ಸುಮಾರು ಕಾಲು ಗಂಟೆಯಲ್ಲಿ ಸೆಂಟ್ರಲ್. ಆದರೆ ನಿಲ್ದಾಣದ ಸ್ಟೇಷನ್ ಬಳಸಿದ್ದಕ್ಕೇ ಒಬ್ಬೊಬ್ಬರಿಗೂ 17 ಡಾಲರಿಗಿಂತ ಜಾಸ್ತಿ ಪ್ರತ್ಯೇಕ ಶುಲ್ಕ ಹಿಡಿಯುತ್ತಾರೆ, ರೈಲಿನ ಚಾರ್ಜು ಬೇರೆ. ಒಬ್ಬರೇ ಇದ್ದರೆ ರೈಲು ಸರಿ. ಮೂರು ನಾಲ್ಕು ಜನ ಇದ್ದರೆ ಟ್ಯಾಕ್ಸಿಯ ಬೆಲೆ ವಿಚಾರಿಸಿ, ಬಹುಶಃ ಅದೇ ಸರಿಬೀಳುತ್ತದೆ.

ನೇರ ಹೋಟೆಲಿಗೆ ಹೋಗಿ ಬ್ಯಾಗು ಬಿಡಿ. ರೂಮು ಕೊಡದಿದ್ದರೂ ಬ್ಯಾಗು ಇಟ್ಟುಕೊಳ್ಳುತ್ತಾರೆ. ಸ್ನಾನಕ್ಕೆ ಜಾಗ ಇದೆಯಾ ಅಂತ ಕೇಳಿ, ಎಷ್ಟೋ ಕಡೆ ಇರುತ್ತದೆ. ಬಟ್ಟೆ ಬದಲಿಸಿ ಹೊರಗೆ ಬನ್ನಿ.

ಇಲ್ಲಿ ಒಂದು ಸೂಕ್ಷ್ಮ ಇದೆ. ಬೆಳಗಿನ ಬಿಸಿಲಿಗೆ ಹೋಗಿ ನಿಲ್ಲಿ, ಜೆಟ್‌ಲ್ಯಾಗ್ ಹೋಗುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮೈಗೆ ಇನ್ನೂ ನಡುರಾತ್ರಿ ಇರುವಾಗ ಬೀಳುವ ಜೋರು ಬೆಳಕು ಒಳಗಿನ ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ. ನಮಗೆ ಅದು ಮುಂದಕ್ಕೆ ಹೋಗಬೇಕು, ಅಲ್ವಾ? ಹಾಗಾಗಿ ಮೊದಲ ದಿನ ಸುಮಾರು ಹತ್ತು ಗಂಟೆಯವರೆಗೆ ಕೂಲಿಂಗ್ ಗ್ಲಾಸ್, ಟೋಪಿ ಹಾಕಿಕೊಂಡೇ ಇರಿ. ಆಮೇಲೆ ತೆಗೆದು ಬೆಳಕಿಗೆ ಮುಖ ಕೊಡಿ.

ಎಲ್ಲಿಗೆ ಹೋಗುವುದು? ಸರ್ಕ್ಯುಲರ್ ಕೀಯಿಂದ ಒಪೆರಾ ಹೌಸ್ ಪಕ್ಕದಲ್ಲಿ ನಡೆದು ರಾಯಲ್ ಬೊಟಾನಿಕ್ ಗಾರ್ಡನ್‌ಗೆ. 1816ರ ತೋಟ, ಒಳಗೆ ಹೋಗಲು ದುಡ್ಡಿಲ್ಲ, ಹುಲ್ಲಿನ ಮೇಲೆ ನಡೆಯಬಹುದು, ಕೂರಬಹುದು. ನೀರಂಚಿನಲ್ಲೇ ನಡೆದರೆ ತುದಿಯಲ್ಲಿ ಮಿಸೆಸ್ ಮ್ಯಾಕ್ವಾರಿಸ್ ಚೇರ್ ಅನ್ನುವ, 1810ರಲ್ಲಿ ಬಂಡೆಯಲ್ಲಿ ಕೊರೆದ ಆಸನ. ಒಪೆರಾ ಹೌಸ್ ಮತ್ತು ಸೇತುವೆ ಎರಡೂ ಒಂದೇ ನೋಟದಲ್ಲಿ ಸಿಗುವ ಜಾಗ ಅದು. ಮೊದಲ ದಿನಕ್ಕೆ ಅಷ್ಟು ಸಾಕು. ಟಿಕೆಟ್ ತೆಗೆದ ಯಾವ ಕಾರ್ಯಕ್ರಮವನ್ನೂ ಅವತ್ತು ಇಟ್ಟುಕೊಳ್ಳಬೇಡಿ.

ರೂಮು ಸಿಕ್ಕಿದ ಮೇಲೆ ಮಲಗಿದರೂ ಅಲಾರಾಂ ಇಟ್ಟು ಅರ್ಧ ಗಂಟೆ. ನಾನು ಮೊದಲ ಸಲ ಹೋದಾಗ 'ಐದು ನಿಮಿಷ' ಅಂತ ಒರಗಿದೆ. ಎಚ್ಚರವಾದಾಗ ಹೊರಗೆ ಕತ್ತಲು. ಆ ರಾತ್ರಿ ನಿದ್ದೆ ಇಲ್ಲ, ಮರುದಿನ ಮಧ್ಯಾಹ್ನ ಮತ್ತೆ ಅದೇ. ಮೂರು ದಿನ ಹಾಗೇ ಹೋದವು.

ಹಂತ 7: ಓಡಾಟಕ್ಕೆ ಒಂದೇ ಕಾರ್ಡು

ರೈಲು, ಮೆಟ್ರೋ, ಬಸ್ಸು, ಲೈಟ್ ರೈಲು, ಫೆರ್ರಿ ಎಲ್ಲಕ್ಕೂ ಓಪಲ್ ಅನ್ನುವ ಒಂದೇ ವ್ಯವಸ್ಥೆ. ಓಪಲ್ ಕಾರ್ಡೇ ಬೇಕೆಂದಿಲ್ಲ, ನಿಮ್ಮ ಕಾಂಟ್ಯಾಕ್ಟ್‌ಲೆಸ್ ಬ್ಯಾಂಕ್ ಕಾರ್ಡು ಅಥವಾ ಫೋನು ಸಾಕು. ಹತ್ತುವಾಗ ಒಮ್ಮೆ ತಾಗಿಸಿ, ಇಳಿಯುವಾಗ ಒಮ್ಮೆ. ಒಬ್ಬರಿಗೆ ಒಂದು ಕಾರ್ಡು. ಬೆಳಗ್ಗೆ ಫೋನು, ಸಂಜೆ ಕಾರ್ಡು ಅಂತ ಬದಲಿಸಿದರೆ ಇಬ್ಬರು ಬೇರೆ ಬೇರೆ ಜನ ಅಂತ ಲೆಕ್ಕವಾಗುತ್ತದೆ. ನಾಲ್ಕರಿಂದ ಹದಿನೈದು ವರ್ಷದ ಮಕ್ಕಳಿಗೆ ಮಾತ್ರ ಮಕ್ಕಳ ಓಪಲ್ ಕಾರ್ಡ್ ತೆಗೆದುಕೊಡಿ, ಬ್ಯಾಂಕ್ ಕಾರ್ಡಿಗೆ ರಿಯಾಯಿತಿ ಇಲ್ಲ.

ಇದರಲ್ಲಿ ದಿನದ ಮಿತಿ ಅಂತ ಇದೆ. ಅಷ್ಟು ಮುಟ್ಟಿದ ಮೇಲೆ ಅವತ್ತು ಎಷ್ಟು ಓಡಾಡಿದರೂ ಮತ್ತೆ ಹಿಡಿಯುವುದಿಲ್ಲ. ಶುಕ್ರವಾರ, ಶನಿವಾರ, ಭಾನುವಾರ ಮತ್ತು ಸರ್ಕಾರಿ ರಜೆಗಳಲ್ಲಿ ಆ ಮಿತಿ ಉಳಿದ ದಿನಗಳ ಅರ್ಧ. ಅಂದರೆ ದೂರದ ಪ್ರಯಾಣಗಳನ್ನೆಲ್ಲ ಈ ಮೂರು ದಿನಕ್ಕೆ ಹಾಕಿ, ಹತ್ತಿರದ್ದನ್ನು ಸೋಮವಾರದಿಂದ ಗುರುವಾರಕ್ಕೆ ಇಡಿ. ನನ್ನ ಆಯ್ಕೆ ಶುಕ್ರವಾರ. ಶನಿವಾರ ಭಾನುವಾರ ಹಳಿ ರಿಪೇರಿ ಅಂತ ರೈಲು ನಿಲ್ಲಿಸಿ ಬಸ್ಸು ಬಿಡುವುದು ಆಗಾಗ ಇರುತ್ತದೆ. ಹೊರಡುವ ಹಿಂದಿನ ರಾತ್ರಿ ಅಲ್ಲಿನ ಸಾರಿಗೆ ಇಲಾಖೆಯ ಆನ್‌ಲೈನ್ ಟ್ರಿಪ್ ಪ್ಲಾನರ್ ನೋಡಿ.

ಹಂತ 8: ದಿನಗಳನ್ನು ಜೋಡಿಸುವುದು

ಎರಡನೆಯ ದಿನ ಸೇತುವೆ ಮತ್ತು ಒಪೆರಾ ಹೌಸ್. ಸೇತುವೆ 1932ರ ಮಾರ್ಚ್ 19ರಂದು ತೆರೆಯಿತು, ಕಮಾನಿನ ಒಂದು ಬುಡದಿಂದ ಇನ್ನೊಂದು ಬುಡಕ್ಕೆ 503 ಮೀಟರ್. ಕಮಾನು ಹತ್ತುವ ದುಬಾರಿ ಟಿಕೆಟ್ ಬೇಕಿಲ್ಲ. ಪೂರ್ವದ ಕಾಲುದಾರಿಯಲ್ಲಿ ಪುಕ್ಕಟೆಯಾಗಿ ನಡೆದು ದಾಟಿ, ಆಚೆ ಮಿಲ್ಸನ್ಸ್ ಪಾಯಿಂಟ್‌ನಲ್ಲಿ ಇಳಿದು ಫೆರ್ರಿಯಲ್ಲಿ ವಾಪಸ್ ಬನ್ನಿ. ಮೇಲಿನಿಂದ ನೋಡಿದ ಸೇತುವೆಯನ್ನು ಅಡಿಯಿಂದ ನೋಡುವಾಗ ಅದರ ಗಾತ್ರ ನಿಜವಾಗಿ ಗೊತ್ತಾಗುತ್ತದೆ. ಒಪೆರಾ ಹೌಸನ್ನು ಹೊರಗಿನಿಂದ ಫೋಟೋ ತೆಗೆದು ಬರಬೇಡಿ, ಒಂದು ಗಂಟೆಯ ಟೂರ್ ಮಾಡಿ. ವಿನ್ಯಾಸ ಮಾಡಿದ ಯಾರ್ನ್ ಉಟ್ಸನ್ ಜಗಳವಾಗಿ 1966ರಲ್ಲಿ ಕೆಲಸ ಬಿಟ್ಟು ಹೊರಟುಹೋದರು. ಕಟ್ಟಡ ತೆರೆದದ್ದು 1973ರಲ್ಲಿ. ಪೂರ್ತಿಯಾದ ತಮ್ಮ ಕಟ್ಟಡವನ್ನು ಅವರು ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಹತ್ತಿರ ಹೋಗಿ ಆ ಹೆಂಚುಗಳನ್ನು ಮುಟ್ಟಿ ನೋಡಿ. ದೂರದಿಂದ ಬಿಳಿ ಕಾಣುವ ಹತ್ತು ಲಕ್ಷಕ್ಕೂ ಮಿಕ್ಕಿದ ಹೆಂಚುಗಳಲ್ಲಿ ಎರಡು ಬಣ್ಣಗಳಿವೆ, ಹೊಳೆಯುವ ಬಿಳಿ ಮತ್ತು ಮಂಕಾದ ಕೆನೆ.

ಮೂರನೆಯ ದಿನ ಬೊಂಡೈನಿಂದ ಕೂಜಿಗೆ ಕಡಲಂಚಿನ ನಡಿಗೆ. 6 ಕಿಲೋಮೀಟರ್, ನಿಧಾನವಾಗಿ ಮೂರು ಗಂಟೆ. ಟಮರಾಮ, ಬ್ರಾಂಟಿ, ಕ್ಲೋವೆಲಿ ಬೀಚುಗಳು ದಾರಿಯಲ್ಲಿ ಸಿಗುತ್ತವೆ. ಬೆಳಗ್ಗೆ ಏಳಕ್ಕೇ ಶುರುಮಾಡಿ. ಬೇಗ ಎಚ್ಚರವಾಗುವ ಅಭ್ಯಾಸವಿದ್ದರೆ ಇನ್ನೂ ಮುಂಚೆ, ಏಕೆಂದರೆ ನೆರಳು ಬಹಳ ಕಡಿಮೆ. ವಾರದ ನಡುವೆ ಹೋದರೆ ದಾರಿ ಖಾಲಿ.

ಶುಕ್ರವಾರ ಬ್ಲೂ ಮೌಂಟನ್ಸ್. ಸೆಂಟ್ರಲ್‌ನಿಂದ ಅಲ್ಲಿನ ಕಟೂಂಬ ಊರಿಗೆ ಎರಡು ಗಂಟೆ, ಓಪಲ್ ಲೆಕ್ಕದಲ್ಲೇ. ಸುಮಾರು ಸಾವಿರ ಮೀಟರ್ ಎತ್ತರ, ಸಿಡ್ನಿಗಿಂತ ತಣ್ಣಗಿರುತ್ತದೆ, ಒಂದು ಜಾಕೆಟ್ ಇರಲಿ. ಎಕೋ ಪಾಯಿಂಟ್‌ನಿಂದ ತ್ರೀ ಸಿಸ್ಟರ್ಸ್ ಬಂಡೆಗಳನ್ನು ನೋಡಿ ಎಲ್ಲರೂ ತಿರುಗಿಬಿಡುತ್ತಾರೆ. ನೀವು ಅಲ್ಲಿಂದ ಅಂಚಿನ ಕಾಲುದಾರಿಯಲ್ಲಿ ಒಂದು ಗಂಟೆಯಾದರೂ ನಡೆಯಿರಿ.

ಉಳಿದ ದಿನಗಳು ಮ್ಯಾನ್ಲಿಗೆ. ಫೆರ್ರಿಯಲ್ಲಿ ಹೊರಗಿನ ಡೆಕ್ಕಿನಲ್ಲಿ ನಿಲ್ಲಿ. ಹೆಡ್ಸ್ ಅನ್ನುವ ಎರಡು ಬಂಡೆಗಳ ನಡುವೆ ಸಾಗರ ತೆರೆದುಕೊಳ್ಳುವ ಜಾಗದಲ್ಲಿ ಹಡಗು ಓಲಾಡುತ್ತದೆ, ಮೈ ಜುಮ್ಮೆನ್ನುತ್ತದೆ. ಅದೇ ದಾರಿಯಲ್ಲಿ ಓಡುವ ಖಾಸಗಿ ಫಾಸ್ಟ್ ಫೆರ್ರಿಗೆ ಬೇರೆ ದರ, ಸರ್ಕಾರಿ ದೊಡ್ಡ ಹಡಗನ್ನೇ ಹತ್ತಿ. ಒಂದು ಅರ್ಧ ದಿನ ಬರೀ ಖಾಲಿ ಇಡಿ. ಮಳೆ ಬಂದರೆ ಅದು ಉಪಯೋಗಕ್ಕೆ ಬರುತ್ತದೆ, ಬಾರದಿದ್ದರೆ ವಾಟ್ಸನ್ಸ್ ಬೇಗೆ ಫೆರ್ರಿ ಹಿಡಿಯಿರಿ.

ಹಂತ 9: ನೀರಿಗೆ ಇಳಿಯುವ ಮುಂಚೆ

ಇದನ್ನು ದಯವಿಟ್ಟು ಮನೆಯವರಿಗೆಲ್ಲ ಓದಿ ಹೇಳಿ. ಕೆರೆ, ಹೊಳೆ, ಈಜುಕೊಳದಲ್ಲಿ ಈಜು ಕಲಿತವರಿಗೂ ಈ ಸಾಗರ ಬೇರೆಯೇ.

ಬೀಚಿನಲ್ಲಿ ಕೆಂಪು-ಹಳದಿ ಬಾವುಟಗಳ ಜೋಡಿ ಕಾಣುತ್ತದೆ. ಜೀವರಕ್ಷಕರು ಬೆಳಗ್ಗೆ ನೀರು ನೋಡಿ, ಸುರಕ್ಷಿತ ಅನ್ನಿಸಿದ ಜಾಗದ ಎರಡೂ ಬದಿಗೆ ನೆಟ್ಟಿರುತ್ತಾರೆ. ಅವುಗಳ ನಡುವೆ ಮಾತ್ರ ಇಳಿಯಿರಿ. ಬಾವುಟ ಇಲ್ಲದಿದ್ದರೆ ಇಳಿಯಲೇಬೇಡಿ. ಮೊಣಕಾಲುದ್ದ ನೀರು ತಾನೇ ಅಂತಲೂ ಬೇಡ.

ಅಪಾಯದ ಹೆಸರು ರಿಪ್. ದಡಕ್ಕೆ ಬಂದ ಅಲೆಗಳ ನೀರೆಲ್ಲ ಒಂದು ಕಾಲುವೆ ಮಾಡಿಕೊಂಡು ವಾಪಸ್ ಸಮುದ್ರಕ್ಕೆ ರಭಸವಾಗಿ ಹರಿಯುತ್ತದೆ, ಅದೇ ರಿಪ್. ಮೋಸ ಏನೆಂದರೆ ಅಲ್ಲಿ ಅಲೆ ಒಡೆಯುವುದಿಲ್ಲ. ಆಚೆ ಈಚೆ ನೊರೆ ಇದ್ದು ನಡುವೆ ಒಂದು ಪಟ್ಟೆ ಮಾತ್ರ ಕಪ್ಪಗೆ, ಶಾಂತವಾಗಿ ಕಾಣುತ್ತದೆ. ಗೊತ್ತಿಲ್ಲದವರು ಮಕ್ಕಳನ್ನು ಕರೆದುಕೊಂಡು ನೇರ ಅಲ್ಲಿಗೇ ಹೋಗುತ್ತಾರೆ. ಬೊಂಡೈನ ದಕ್ಷಿಣ ತುದಿಯಲ್ಲಿ ಇರುವ ರಿಪ್‌ಗೆ 'ಬ್ಯಾಕ್‌ಪ್ಯಾಕರ್ಸ್ ರಿಪ್' ಅನ್ನುವ ಹೆಸರೇ ಬಿದ್ದಿದೆ. ಬಸ್ಸಿಳಿದ ಪ್ರವಾಸಿಗರು ಮೊದಲು ನೀರಿಗೆ ಇಳಿಯುವುದು ಅಲ್ಲೇ. 1938ರ ಫೆಬ್ರವರಿ 6ರ ಭಾನುವಾರ ಇದೇ ಬೊಂಡೈನಲ್ಲಿ ಸಾಲಾಗಿ ಬಂದ ದೊಡ್ಡ ಅಲೆಗಳು ನೂರಾರು ಜನರನ್ನು ಒಳಗೆ ಎಳೆದುಕೊಂಡವು. ಜೀವರಕ್ಷಕರು ಸುಮಾರು 250 ಜನರನ್ನು ಹೊರಗೆ ತಂದರು, ಐವರು ಉಳಿಯಲಿಲ್ಲ.

ರಿಪ್‌ನಲ್ಲಿ ಸಿಕ್ಕಿದರೆ ದಡದ ಕಡೆಗೆ ಈಜಬೇಡಿ. ಅದರ ವಿರುದ್ಧ ಯಾರೂ ಗೆಲ್ಲುವುದಿಲ್ಲ, ಸುಸ್ತಾಗಿ ಮುಳುಗುವುದು ಹಾಗೇ. ಅದು ಕೆಳಗೆ ಎಳೆಯುವುದಿಲ್ಲ, ಹೊರಗೆ ಒಯ್ಯುತ್ತದೆ ಅಷ್ಟೇ. ಅಂಗಾತ ತೇಲಿ, ಒಂದು ಕೈ ಎತ್ತಿ ಬೀಸಿ, ಕೂಗಿ. ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ, ಅಲೆ ಒಡೆಯುವ ಕಡೆಗೆ ಈಜಿ.

ಅಲೆಯ ಭಯ ಇರುವವರಿಗೆ ಸಮುದ್ರದ ಅಂಚಿನಲ್ಲೇ ಬಂಡೆಯಲ್ಲಿ ಕಟ್ಟಿದ ಕೊಳಗಳಿವೆ. ಬ್ರಾಂಟಿಯದ್ದು ಪುಕ್ಕಟೆ. ಕೂಜಿಯ ಮೆಕೈವರ್ಸ್ ಕೊಳ ಹೆಂಗಸರು ಮತ್ತು ಮಕ್ಕಳಿಗೆ ಮಾತ್ರ. ಸೀರೆ, ಚೂಡಿದಾರದಲ್ಲಿ ದಡದಲ್ಲೇ ಕೂತು ನೋಡುವ ಅಮ್ಮಂದಿರನ್ನು ಒಮ್ಮೆ ಅಲ್ಲಿಗೆ ಕರೆದುಕೊಂಡು ಹೋಗಿ. ಮ್ಯಾನ್ಲಿ ಪಕ್ಕದ ಶೆಲ್ಲಿ ಬೀಚ್, ಹಾರ್ಬರಿನ ಒಳಗಿನ ಬಲ್ಮೋರಲ್ ಕೂಡ ಶಾಂತ.

ಜೋರು ಮಳೆ ಬಂದರೆ ಚರಂಡಿ ನೀರು ಸೇರುತ್ತದೆ. ತೆರೆದ ಸಾಗರದ ಬೀಚುಗಳಲ್ಲಿ ಒಂದು ದಿನ, ಹಾರ್ಬರಿನ ಒಳಗೆ ಮೂರು ದಿನ ಈಜಬೇಡಿ. ಬೇಸಿಗೆಯಲ್ಲಿ ಈಶಾನ್ಯದ ಗಾಳಿ ಬೀಸಿದರೆ ಬ್ಲೂಬಾಟಲ್ ಅನ್ನುವ ನೀಲಿ ಜೀವಿಗಳು ದಡಕ್ಕೆ ಬರುತ್ತವೆ. ಕುಟುಕಿದರೆ ಉಜ್ಜಬೇಡಿ. ಸಮುದ್ರದ ನೀರಲ್ಲಿ ತೊಳೆದು, ತಾಳಿಕೊಳ್ಳುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ ಇಡಿ. ಎಸ್‌ಪಿಎಫ್ 50+ ಸನ್‌ಸ್ಕ್ರೀನ್ ಎರಡು ಗಂಟೆಗೊಮ್ಮೆ ಹಚ್ಚಿ. ನಮ್ಮದು ಕಂದು ಚರ್ಮ, ಏನೂ ಆಗಲ್ಲ ಅನ್ನಬೇಡಿ, ಅಲ್ಲಿನ ಬಿಸಿಲು ತಂಪು ಗಾಳಿಯಲ್ಲೂ ಸುಡುತ್ತದೆ. ತುರ್ತಿಗೆ ನಂಬರ್ 000.

ಹಂತ 10: ಹೊರಡುವ ದಿನ

ಒಂದೇ ವ್ಯಾಪಾರಿಯಿಂದ ಒಟ್ಟು 300 ಡಾಲರ್ ಅಥವಾ ಜಾಸ್ತಿ ಬೆಲೆಯ ಸಾಮಾನು, ಹೊರಡುವ 60 ದಿನಗಳ ಒಳಗೆ ಕೊಂಡಿದ್ದರೆ ತೆರಿಗೆ ವಾಪಸ್ ಕೇಳಬಹುದು. ಟ್ಯಾಕ್ಸ್ ಇನ್ವಾಯ್ಸ್ ಕೇಳಿ ಇಟ್ಟುಕೊಂಡಿರಿ. ಆ ಸಾಮಾನು ಕೈಚೀಲದಲ್ಲಿರಲಿ. ದೊಡ್ಡ ಬ್ಯಾಗಿನಲ್ಲಿ ಹಾಕಲೇಬೇಕಿದ್ದರೆ ಚೆಕ್-ಇನ್‌ಗೆ ಮುಂಚೆ ಗಡಿ ಇಲಾಖೆಯವರಿಗೆ ತೋರಿಸಿ ಮುದ್ರೆ ಹಾಕಿಸಿ. ತೆರಿಗೆ ಕೌಂಟರ್ ಇಮಿಗ್ರೇಷನ್ ದಾಟಿದ ಮೇಲೆ ಇದೆ, ಸಾಲು ಉದ್ದ ಇರುತ್ತದೆ, ವಿಮಾನ ಹೊರಡುವ ಅರ್ಧ ಗಂಟೆ ಮುಂಚಿನವರೆಗೆ ಮಾತ್ರ ಅರ್ಜಿ ತೆಗೆದುಕೊಳ್ಳುತ್ತಾರೆ. ಮೂರು ಗಂಟೆ ಮುಂಚೆ ನಿಲ್ದಾಣದಲ್ಲಿರಿ. ಮ್ಯಾನ್ಲಿಯಲ್ಲಿ ಉಳಿದಿದ್ದರೆ ಫೆರ್ರಿ, ರೈಲು ಎರಡೂ ಹಿಡಿಯಬೇಕು, ಇನ್ನೂ ಒಂದೂವರೆ ಗಂಟೆ ಕೂಡಿಸಿ. ಬೆಳಗ್ಗೆ ಬೇಗ ಹೊರಡುವ ವಿಮಾನವಾದರೆ ಕೊನೆಯ ರಾತ್ರಿ ಊರೊಳಗೆ ಬಂದು ಮಲಗುವುದೇ ಒಳ್ಳೆಯದು.